ರೊಟ್ಟಿ ಗಾಡಿಯ ಬ್ರೇಕು

ಕಡಕ್ ರೊಟ್ಟಿ ಸಾಗಿಸುವ ಗಾಡಿಯ ಬ್ರೇಕು ಹೇಗಿದೆ ಎಂದು ತಿಳಿಯಲು ಬುಟ್ಟಿಯ ಬಟ್ಟೆ ಬಿಚ್ಚಿದರೆ ಸಾಕು. ಮೆಲ್ಲಗೆ ನಿಂತು ಮೆಲ್ಲಗೆ ಹೊರಟ ದಿನ ನೂರರಲ್ಲಿ ಎರಡೋ ಮೂರೋ ಮುರಿದಿರುತ್ತವೆ. ದಡಕ್ಕನೆ ನಿಲ್ಲಿಸಿದ ದಿನ ಮೇಲಿನ ಸಾಲೆಲ್ಲ ಚೂರು. ಚೂರನ್ನು ಖಾನಾವಳಿಯವರು ಇಳಿಸಿಕೊಳ್ಳುವುದಿಲ್ಲ. ಅದು ವಾಪಸು ಮನೆಗೆ ಬಂದು ಮಜ್ಜಿಗೆಯಲ್ಲಿ ನೆನೆಯುತ್ತದೆ. ಹೀಗಾಗಿ ಸಂಜೆ ಎಷ್ಟು ಚೂರು ಬಂತು ಎನ್ನುವುದರ ಮೇಲೆ ನಮ್ಮ ಮನೆಯಲ್ಲಿ ನನ್ನ ಡ್ರೈವಿಂಗಿನ ವಿಚಾರಣೆ ನಡೆಯುತ್ತಿತ್ತು.

"ಇವತ್ತ ಎಷ್ಟು ಎಮ್ಮಿ ಅಡ್ಡ ಬಂದ್ವು?" ಎಂದು ನನ್ನ ನೆಗೆಣ್ಣಿ ತಾಟಿಗೆ ಚೂರು ಹಾಕಿಕೊಳ್ಳುತ್ತ ಕೇಳುವಳು. ಆಕೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ.

"ಎಮ್ಮಿ ಅಲ್ಲಕ್ಕ, ರೋಡಿನ ಹಂಪು."

"ಹಂಪು ನಿನ್ನಿ ಇದ್ದಿಲ್ಲೇನು?"

ನಮ್ಮದು ದೋರನಹಳ್ಳಿ. ಅಕ್ಕನ ಮನೆ, ನಮ್ಮ ಮನೆ ಎರಡರ ಬಾಗಿಲೂ ಒಂದೇ ಅಂಗಳಕ್ಕೆ. ಅಕ್ಕ ಓಣಿಯ ಐದಾರು ಹೆಂಗಸರನ್ನು ಕೂಡಿಸಿಕೊಂಡು ಬೆಳಿಗ್ಗೆ ರೊಟ್ಟಿ ಬಡಿಯುತ್ತಾಳೆ. ಅವನ್ನೂ ಶೇಂಗಾ ಹಿಂಡಿ ಚಟ್ನಿಯನ್ನೂ ಶಹಾಪುರ, ಸುರಪುರದ ಖಾನಾವಳಿಗಳಿಗೆ ಊಟದ ಹೊತ್ತಿಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ನಮ್ಮ ಮನೆಯವರು ಯಾದಗಿರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವವರು, ಸ್ಟೀರಿಂಗ್ ಮುಟ್ಟಿದವರಲ್ಲ. ಭಾವನಿಗೆ ಎಪ್ಪತ್ತರ ಹತ್ತಿರ. ಹುಟ್ಟಿದಾಗಿನಿಂದ ಎತ್ತಿನ ಗಾಡಿಯ ಮನುಷ್ಯ. ಹಿಂದಿನ ಸೀಟು ತೆಗೆಸಿದ ಹಳೆಯ ವ್ಯಾನೊಂದನ್ನು ರೊಟ್ಟಿಗಾಗಿ ಮನೆಗೆ ತಂದಾಗ, ಹೊಡೆಯುವವರು ಯಾರು ಎಂದು ಎಲ್ಲರೂ ಎಲ್ಲರ ಮುಖ ನೋಡಿದರು. ಕೊನೆಗೆ ನಾನೇ ಉಳಿದೆ. ನಲವತ್ತಾರನೆಯ ವಯಸ್ಸಿಗೆ ಕಲಿತೆ.

ಗಾಡಿ ದಣಿಯುವುದು ವೇಗಕ್ಕೆ ಎಂದು ನಾನೂ ತಿಳಿದಿದ್ದೆ. ಆದರೆ ಗಾಡಿಯನ್ನು ದಣಿಸುವುದು ವೇಗವಲ್ಲ, ನಿಲುಗಡೆ. ಹಳ್ಳಿ ಬಂತೆಂದರೆ ಎರಡು ಹಂಪು. ಹಂಪು ದಾಟಿದರೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ತೆವಳಬೇಕು. ಅದನ್ನು ದಾಟಿ ಜರಾ ಓಡಿಸಿದೆವೋ, ಹತ್ತಿಯ ದೊಡ್ಡ ಮೂಟೆ ಏರಿಸಿದ ಲಾರಿ. ಹನ್ನೆರಡೂವರೆಗೆ ಸುರಪುರದ ಕೊನೆಯ ಖಾನಾವಳಿಯಲ್ಲಿ ಎಲೆ ಹಾಸಿರುತ್ತಾರೆ, ಆದ್ದರಿಂದ ಓಡಿಸಲೇಬೇಕು. ರೊಟ್ಟಿ ಒಡೆಯಬಾರದು, ಆದ್ದರಿಂದ ನಿಲ್ಲಿಸುವಾಗ ದೂರದಿಂದಲೇ ಮೆಲ್ಲಗೆ ಒತ್ತುತ್ತ ಬರಬೇಕು. ಹೀಗೆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅರ್ಧ ದಾರಿ ಸಾಗುತ್ತಿತ್ತು. ಅದೂ ಬೇಸಿಗೆಯ ಬಿಸಿಲಲ್ಲಿ.

ಮೊದಲು ಗಮನಕ್ಕೆ ಬಂದದ್ದು ವಾಸನೆ. ಕಬ್ಬಿಣದ ಹಂಚು ಒಲೆಯ ಮೇಲೆ ಮರೆತುಹೋದಾಗ ಬರುವಂಥದ್ದು, ಆದರೆ ಜರಾ ಖಾರ. ಆಮೇಲೆ ಪೆಡಲು. ಬೆಳಿಗ್ಗೆ ಎರಡು ಬೆರಳಷ್ಟು ಒತ್ತಿದರೆ ಹಿಡಿಯುವ ಬ್ರೇಕು ಸುರಪುರದ ಹೊತ್ತಿಗೆ ನಾಲ್ಕು ಬೆರಳು ಒಳಗೆ ಹೋಗುತ್ತಿತ್ತು. ಕಾಲಡಿಯಲ್ಲಿ ನೆನೆದ ಹಿಟ್ಟಿನ ಉಂಡೆ ಇಟ್ಟಂತೆ ಮೆತ್ತಗೆ. ವಿಚಿತ್ರವೆಂದರೆ, ಕೊನೆಯ ಖಾನಾವಳಿಯ ಮುಂದಿನ ಬೇವಿನ ನೆರಳಲ್ಲಿ ಅರ್ಧ ತಾಸು ನಿಲ್ಲಿಸಿ ಮತ್ತೆ ಒತ್ತಿದರೆ ಪೆಡಲು ಬೆಳಗಿನಂತೆಯೇ ಗಟ್ಟಿ. ಏನೂ ಆಗೇ ಇಲ್ಲವೇನೋ ಎನ್ನುವ ಹಾಗೆ.

ಒಂದು ದಿನ ಆ ನೆರಳು ಬರುವ ಮೊದಲೇ ಕುರಿ ಬಂದವು.

ಸುರಪುರ ಗುಡ್ಡದ ಊರು. ಮೇಲಿನ ಖಾನಾವಳಿಗೆ ರೊಟ್ಟಿ ಇಳಿಸಿ ಕೆಳಗೆ ಬರುತ್ತಿದ್ದೆ. ಅಕ್ಕ ಪಕ್ಕದ ಸೀಟಿನಲ್ಲಿದ್ದಳು. ಸಂದಿಯಿಂದ ಕುರಿ ಹಿಂಡು ರಸ್ತೆಗೆ ಸುರಿಯಿತು. ಬ್ರೇಕು ಒತ್ತಿದೆ. ಪೆಡಲು ನೇರ ತಳಕ್ಕೆ ಹೋಯಿತು. ಕಾಲು ಎತ್ತಿ ಮತ್ತೆ ಒತ್ತಿದೆ, ಅರೆಬರೆ ಹಿಡಿಯಿತು. ಗೇರು ಒಂದಕ್ಕೆ ಎಳೆದು ಕೈಬ್ರೇಕು ಜಗ್ಗಿದೆ. ಗಾಡಿ ನಿಂತಾಗ ಕೊನೆಯ ಕುರಿಯ ಉಣ್ಣೆ ಬಂಪರಿಗೆ ಒರೆಸಿಕೊಂಡು ಹೋಯಿತು. ಹಿಂದೆ ಉಳಿದ ರೊಟ್ಟಿಯೆಲ್ಲ ಸಪ್ಪಳ ಮಾಡಿ ಒಡೆದವು.

ಕುರಿಯವನು ಕೋಲೂರಿ ನಿಂತು, ಒಳಗೆ ಬಗ್ಗಿ ನೋಡಿ, "ಯಾಕಬೇ ಯವ್ವಾ, ಕುರಿ ಮ್ಯಾಲ ರೊಟ್ಟಿ ಬಡಿಯಾಕ ಬಂದಿದ್ದೇನು?" ಎಂದ.

ಅಕ್ಕ ಮನೆ ಮುಟ್ಟಿದವಳೇ ಆಡಬೇಕಾದವರ ಮುಂದೆ ಎಲ್ಲ ಆಡಿದಳು.

ಭಾವನ ಎದುರಿಗೆ ನಾನು ಸೆರಗು ಹೊದ್ದು ಬಾಗಿಲ ಪಕ್ಕ ನಿಂತು ಮಾತಾಡುವವಳು. ನಮ್ಮ ಮನೆಯ ರೂಢಿ ಅದು, ಅವರೂ ನನ್ನ ಮುಖ ನೋಡದೆ ಅಂಗಳ ನೋಡುತ್ತ ಮಾತಾಡುತ್ತಾರೆ. ಅಂದೂ ಅಂಗಳ ನೋಡುತ್ತಲೇ ಕೈ ಚಾಚಿದರು.

"ತಂಗಿ, ಗಾಡಿ ಕೀಲಿ ಇಲ್ಲಿ ಕೊಡು."

ಕೊಟ್ಟೆ.

"ಮಾತ ಕೇಳದ ಎತ್ತಿನ ಕೊಳ್ಳ ಹರದು ನೊಗದಿಂದ ಬಿಡತೀವಿ. ಇದೂ ಹಂಗ. ರಿಪೇರಿ ಮಾಡಸು, ಬ್ಯಾಡ ಅನ್ನಂಗಿಲ್ಲ. ಆದರ ಬರೋಬರ್ ಆಗ್ಯಾದ ಅಂತ ಮಿಸ್ತ್ರಿ ಹೇಳಿದ್ರ ನಾ ನಂಬಂಗಿಲ್ಲ. ತುಂಬಿದ ಗಾಡಿ, ಅದೇ ಸುರಪುರದ ಇಳಿಜಾರು, ಅದೇ ಮಧ್ಯಾಹ್ನ. ನಾ ನಿಂದರಸು ಅಂದಲ್ಲಿ ನಿಂದರಬೇಕು. ನಿಂತ್ರ ಕೀಲಿ ನಿಂದು. ನಿಂದರಲಿಲ್ಲಂದ್ರ ಗಾಡಿ ಮಾರೋದು. ನಿಮ್ಮಕ್ಕನೂ ಬಸ್ಸಿಗಿ ಹೋಗ್ತಾಳ, ನೀನೂ ಹೋಗು."

ಬಸ್ಸಿಗೆ ಹೋದರೆ ಶಹಾಪುರದ ಎರಡು ಖಾನಾವಳಿ ಮುಟ್ಟಬಹುದು, ಸುರಪುರ ಆಗದು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ನನಗೆ ಅದಕ್ಕಿಂತ ಹೆಚ್ಚಿಗೆ ಹತ್ತಿದ್ದು ಬೇರೆ. ಈ ವಯಸ್ಸಿಗೆ ಕಲಿತ ಡ್ರೈವಿಂಗು. ಒಮ್ಮೆ ಕೈಬಿಟ್ಟರೆ ಮತ್ತೆ ಯಾರೂ ನನ್ನ ಕೈಗೆ ಗಾಡಿ ಕೊಡುವುದಿಲ್ಲ, ನಾನಾಗಿ ಕೇಳುವುದೂ ಇಲ್ಲ. ಬೆಳಿಗ್ಗೆ ಊರು ದಾಟಿ ಕಾಲುವೆಯ ನೀರು ಪಕ್ಕಕ್ಕೆ ಬಂದಾಗ ಕಿಟಕಿ ಇಳಿಸುವ ಆ ಒಂದು ಕ್ಷಣಕ್ಕೆ ನಾನು ದಿನವಿಡೀ ರೊಟ್ಟಿ ಎಣಿಸಬಲ್ಲೆ.

ಶಹಾಪುರದ ಗ್ಯಾರೇಜಿನ ಮಿಸ್ತ್ರಿ ಗಾಡಿಯನ್ನು ಎರಡು ಸಲ ನೋಡಿ ಎರಡು ಸಲವೂ ಏನೂ ಇಲ್ಲ ಎಂದ. ಅವನದೂ ತಪ್ಪಿಲ್ಲ. ಗಾಡಿ ಬೇಕಾದಾಗ ಭಾವನಿಂದ ಕೀಲಿ ಇಸಿದುಕೊಂಡು ತಿರುಗಿ ಒಪ್ಪಿಸುತ್ತಿದ್ದ ನಾನು, ಬೆಳಿಗ್ಗೆ ತಂಪಿನಲ್ಲಿ ಖಾಲಿ ಗಾಡಿ ಒಯ್ದು ನಿಲ್ಲಿಸುತ್ತಿದ್ದೆ. ಪೆಡಲು ಗಟ್ಟಿಯಾಗಿತ್ತು.

"ಅಕ್ಕಾರ, ಬ್ರೇಕ್ ಕಲ್ಲಿನಂಗ ಅದ. ನಿಮಗ ಅಂಜಿಕಿ ಕುಂತದ, ಅಷ್ಟೇ."

ಅಂಜಿಕೆ ಕುಂತಿದ್ದು ಖರೆ. ಆದರೆ ಅಂಜಿಕೆ ಬೇವಿನ ನೆರಳಿಗೆ ಹೋಗಿ ಅರ್ಧ ತಾಸಿನಲ್ಲಿ ಇಳಿಯುತ್ತದೆಯೇ? ಮನೆಗೆ ಬಂದು ರೊಟ್ಟಿ ಲೆಕ್ಕದ ನೋಟುಬುಕ್ಕಿನ ಹಿಂದಿನ ಖಾಲಿ ಪುಟ ತೆರೆದೆ. ಒಡೆದ ರೊಟ್ಟಿಗಳ ಸಂಖ್ಯೆ ಮುಂದಿನ ಪುಟಗಳಲ್ಲಿ ದಿನದ್ದು ದಿನ ಬರೆದಿತ್ತು. ಯಾವ ಖಾನಾವಳಿಗೆ ಎಷ್ಟು ಒಡೆದವು ಎನ್ನುವುದೂ ಇತ್ತು. ಅವನ್ನೆಲ್ಲ ತೆಗೆದು ಅಲ್ಲಿ ಒಂದರ ಪಕ್ಕ ಒಂದು ಬರೆದೆ. ಶಹಾಪುರದಲ್ಲಿ ಎಂದೂ ಹೆಚ್ಚು ಒಡೆದಿರಲಿಲ್ಲ. ಮೋಡದ ದಿನ ಎಲ್ಲಿಯೂ ಹೆಚ್ಚು ಒಡೆದಿರಲಿಲ್ಲ. ಹೆಚ್ಚು ಒಡೆದದ್ದು ಬಿಸಿಲಿದ್ದ ದಿನ, ಗಾಡಿ ತುಂಬಿದ್ದ ದಿನ, ಸುರಪುರದ ಏರು ಹತ್ತಿ ಇಳಿದ ಮೇಲೆ. ಅಂದರೆ ಈ ರೋಗ ಕಾವಿನದು. ಕಾವು ಬಂದಾಗ ಬಂದು, ಕಾವು ಹೋದಾಗ ಹೋಗುವುದು.

ಮಿಸ್ತ್ರಿಗೆ ನೋಟುಬುಕ್ಕು ತೋರಿಸಿದೆ. ಅವನು ಓದಿ, ತಲೆ ಕೆರೆದು, "ಅಕ್ಕಾರ, ರೊಟ್ಟಿ ನೋಡಿ ಬ್ರೇಕ್ ತಪಾಸು ಮಾಡಿದವರನ್ನ ಇವತ್ತೇ ಕಂಡೆ" ಎಂದ. ಆದರೆ ಅಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಗಾಡಿಯೊಳಗೆ ಗೋಧಿ ಚೀಲ ಹೇರಿಸಿ, ತಾನೇ ಸುರಪುರಕ್ಕೆ ಹೊಡೆದುಕೊಂಡು ಹೋದ. ಬಂದವನು ಗಾಡಿಯಿಂದ ಇಳಿದು ನೇರ ಹೋಗಿ ಜಾಕು ತಂದ.

ಚಕ್ರ ಬಿಚ್ಚಿದಾಗ ನಾನು ಪಕ್ಕದಲ್ಲಿ ಡಬ್ಬದ ಮೇಲೆ ಕೂತಿದ್ದೆ. ಅಷ್ಟು ದಿನ ಕಾಲಿನಿಂದ ಮಾತ್ರ ಬಲ್ಲ ಬ್ರೇಕನ್ನು ಕಣ್ಣಿನಿಂದ ನೋಡಿದ್ದು ಅಂದೇ ಮೊದಲು. ಇಷ್ಟೇ ಏನು ಎನಿಸಿತು. ಚಕ್ರದ ಹಿಂದೆ ತಾಟಿನಂಥ ಒಂದು ಕಬ್ಬಿಣದ ಬಿಲ್ಲೆ, ಅದು ಡಿಸ್ಕು. ಅದನ್ನು ಎರಡು ಕಡೆಯಿಂದ ಹಿಡಿಯುವ ಎರಡು ಗಟ್ಟಿ ತುಂಡು, ಅವು ಪ್ಯಾಡು. ನಾನು ಕಾಲಿನಿಂದ ಒತ್ತಿದರೆ ಸಣ್ಣ ಪೈಪಿನೊಳಗಿನ ಎಣ್ಣೆ ಆ ಒತ್ತನ್ನು ಒಯ್ದು ಪ್ಯಾಡಿಗೆ ಮುಟ್ಟಿಸುತ್ತದೆ. ಪ್ಯಾಡು ಡಿಸ್ಕನ್ನು ಚಿವುಟಿ ಹಿಡಿಯುತ್ತದೆ.

"ಡಿಸ್ಕ್ ಯಾಕ ನೀಲಿ ಆಗ್ಯಾದ?" ಎಂದು ಕೇಳಿದೆ.

"ಸುಟ್ಟಾದ್ರೀ. ಪ್ಯಾಡ್ ನೋಡ್ರಿ, ಕನ್ನಡಿ ಆಗ್ಯಾವ." ಉಗುರಿನಿಂದ ಗೀರಿ ತೋರಿಸಿದ. ಖರೆಯೇ, ಹೊಳೆಯುತ್ತಿದ್ದವು. "ಕನ್ನಡಿ ಏನು ಹಿಡೀತದ? ಜಾರತದ."

"ಮತ್ತ ಪೆಡಲ್ ಒಳಗ ಹೋಗೋದು?"

ಅವನು ಬಾನೆಟ್ಟಿನ ಕೆಳಗಿನ ಸಣ್ಣ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ಒಳಗಿನದು ಬೆಲ್ಲದ ಪಾಕದಂತೆ ಕಂದಿತ್ತು. "ಈ ಎಣ್ಣಿ ಎಷ್ಟು ವರ್ಷದ್ದೋ ದೇವರಿಗೇ ಗೊತ್ತು. ಇದು ಗಾಳಿಯಾಗಿನ ತೇವ ಕುಡೀತದ್ರಿ. ಮಳಿಗಾಲದಾಗ ಉಪ್ಪು ನೀರು ಬಿಡತದಲ್ಲ, ಹಂಗ. ತೇವ ಕುಡದ ಎಣ್ಣಿ ಕಾವಿಗಿ ಕುದೀತದ. ಕುದ್ರ ಒಳಗ ಗುಳ್ಳಿ. ನಿಮ್ಮ ಕಾಲು ಗುಳ್ಳಿ ಒತ್ತತದ, ಬ್ರೇಕ್ ಒತ್ತಂಗಿಲ್ಲ. ಆರಿದ ಮ್ಯಾಲ ಗುಳ್ಳಿ ಹೋಯ್ತು, ಪೆಡಲ್ ಗಟ್ಟಿ ಆಯ್ತು. ನನ್ನ ಕಡಿ ಬಂದಾಗ ಎಲ್ಲಾ ಠೀಕ್."

ನನಗೆ ಅಂದು ಆದ ಖುಷಿ ಹೇಳತೀರದು. ಕೆಟ್ಟದ್ದು ಸರಿಯಾಯಿತೆಂದಲ್ಲ, ಅರ್ಥವಾಯಿತೆಂದು.

ಎಲ್ಲ ಬದಲಿಸಿದೆವು. ಹೊಸ ಡಿಸ್ಕು, ಹೊರೆ ಹೊರುವ ಗಾಡಿಗೆಂದೇ ಬರುವ ಗಟ್ಟಿ ಪ್ಯಾಡು, ಹೊಸ ಪೈಪು, ಹೆಚ್ಚು ಕಾವು ತಡೆಯುವ ಎಣ್ಣೆ. ಹಳೆಯ ಎಣ್ಣೆ ತೆಗೆದು ಹವಾ ಹೊರಗೆ ಹಾಕುವಾಗ ಪೆಡಲಿನ ಮೇಲೆ ನನ್ನ ಕಾಲು, ಚಕ್ರದ ಬಳಿ ನಟ್ಟು ತಿರುವುವ ಅವನ ಪಾನಾ. "ಒತ್ತ್ರಿ. ಹಿಡೀರಿ. ಬಿಡ್ರಿ." ನಾಲ್ಕೂ ಚಕ್ರಕ್ಕೆ ಇದೇ ಮಾತು. ಮುಗಿದ ಮೇಲೆ ಅವನು ಒಂದು ಎಚ್ಚರಿಕೆ ಹೇಳಿದ.

"ಇನ್ನೂ ಬ್ರೇಕ್ ಕುಂತಿಲ್ರಿ. ಕುಂದರಸಬೇಕು."

"ಕುಂದರಸೋದು ಅಂದ್ರ?"

"ಮನ್ಯಾಗ ಹೊಸ ಹಂಚು ತಂದ್ರ ಮೊದಲ್ನೇ ರೊಟ್ಟಿ ಯಾರಿಗಿ ಹಾಕ್ತೀರಿ?"

"ಯಾರಿಗೂ ಹಾಕಂಗಿಲ್ಲ. ಹಂಚು ಪಳಗಬೇಕು."

"ಹಾಂ, ಇದೂ ಹಂಗ."

ಅರವತ್ತರ ವೇಗಕ್ಕೆ ಒಯ್ದು, ಗಟ್ಟಿಯಾಗಿ ಒತ್ತಿ ಇಪ್ಪತ್ತಕ್ಕೆ ಇಳಿಸಬೇಕು, ಪೂರಾ ನಿಲ್ಲಿಸಬಾರದು. ಹೀಗೆ ಹತ್ತು ಸಲ. ಆಮೇಲೆ ಬ್ರೇಕು ಮುಟ್ಟದೆ ಒಂದಷ್ಟು ದೂರ ಗಾಳಿಗೆ ಓಡಿಸಬೇಕು. ಕಾದಿದ್ದಾಗ ಒತ್ತಿ ಹಿಡಿದು ನಿಲ್ಲಬಾರದು, ನೀರು ಸುರಿಯಬಾರದು. ಇಳಿಜಾರಿನಲ್ಲಿ ಎರಡನೇ ಗೇರು ಹಾಕಿ ಇಂಜಿನ್ನಿಗೂ ಕೆಲಸ ಕೊಡಬೇಕು. ಇಷ್ಟನ್ನೂ ಬರೆದುಕೊಂಡೆ. ಮನೆಗೆ ಬರುವಾಗ ಯಾದಗಿರಿ ರಸ್ತೆಯಲ್ಲಿ ಖಾಲಿ ಜಾಗ ನೋಡಿ ಹತ್ತು ಸಲ ಕುಂದರಿಸಿದೆ. ಏಳನೆಯ ಸಲಕ್ಕೆ ಕಾಲಿನಡಿಯ ಹಿಡಿತ ಬದಲಾಯಿತು. ಅದನ್ನು ಹೇಗೆ ಹೇಳಲಿ, ಹಿಟ್ಟು ನಾದುತ್ತ ನಾದುತ್ತ ಒಮ್ಮೆಲೆ ಕೈಗೆ ಅಂಟುವುದು ಬಿಡುತ್ತದಲ್ಲ, ಹಾಗೆ.

ಮನೆಗೆ ಬಂದು ಕೀಲಿಯನ್ನು ಭಾವನಿಗೆ ಒಪ್ಪಿಸಿದೆ. ಸೋಮವಾರ ಸುರಪುರಕ್ಕೆ ಹೋಗುವುದೆಂದು ಅವರು ಹೇಳಿದರು. ನಡುವೆ ಎರಡು ದಿನ ಇದ್ದವು.

ಈ ಎರಡು ದಿನದಲ್ಲಿ ಒಂದು ಹೊಸ ಕಾಟ ಶುರುವಾಯಿತು. ಗಟ್ಟಿ ಪ್ಯಾಡು ತಣ್ಣಗಿದ್ದಾಗ ಕಿರುಗುಟ್ಟುತ್ತವೆ. ಅಂಗಳದಿಂದ ಓಣಿಗೆ, ಓಣಿಯಿಂದ ಅಂಗಳಕ್ಕೆ ಗಾಡಿ ಸರಿಸಿದಾಗಲೆಲ್ಲ "ಕೀಂ" ಎಂದು ಉದ್ದಕ್ಕೆ ಅಳುತ್ತಿತ್ತು. ರೊಟ್ಟಿ ಬಡಿಯಲು ಬರುವ ಹೆಂಗಸರಿಗೆ ಅದೇ ಮಾತು.

"ನರಿ ಬಂತು ನರಿ, ಕೋಳಿ ಮುಚ್ಚ್ರೆವ್ವ."

"ಹೊಸಾ ಲಗ್ನದ್ದು, ತವರಮನಿ ನೆನಸಾಕತ್ತದ."

ನಾನೂ ನಕ್ಕೆ. ಮಿಸ್ತ್ರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿ ಕೇಳಿದೆ, ಅವನು ನಗುತ್ತಲೇ, "ಕೂಗಲಿ ಬಿಡ್ರಿ, ಕಾವು ಬಂದ್ರ ಸುಮ್ನಾಗತದ. ಬ್ರೇಕ್ ಎಣ್ಣಿ ಮಾತ್ರ ನಿಗಾ ಇಡ್ರಿ. ಎಣ್ಣಿ ಕಡಿಮಿ ಬೀಳಬಾರದು" ಎಂದ. ಭಾವ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ, ನಾನು ನೋಡಲಿಲ್ಲ.

ಸೋಮವಾರ ಗಾಡಿ ತುಂಬಿದೆವು. ಅಕ್ಕ ಬರಲಿಲ್ಲ. ಭಾವ ಮುಂದಿನ ಸೀಟಿಗೆ ಬರುವುದು ರೂಢಿಯಲ್ಲ. ತಮ್ಮನ ಹೆಂಡತಿಯ ಪಕ್ಕ ಸರಿಸಮ ಕೂರುವುದುಂಟೇ? ಹಿಂದೆ ಬುಟ್ಟಿಗಳ ನಡುವೆ ಒಂದು ಗೋಣಿ ಹಾಸಿಕೊಂಡು ನನಗೆ ಬೆನ್ನಾಗಿ ಕೂತರು. ಬೆನ್ನಾಗಿ ಕೂತು ಬ್ರೇಕಿನ ಪರೀಕ್ಷೆ ಮಾಡುವವರನ್ನು ಕನ್ನಡಿಯಲ್ಲಿ ನೋಡಿ ನನಗೆ ನಗು ಬಂದರೂ ನಗಲಿಲ್ಲ.

ಓಣಿಯಿಂದ ಹೊರಗೆ ಬರುವಾಗ ಒಂದು ಸಂಗತಿ. ಗಾಡಿ ಅಳಲಿಲ್ಲ. ಕುಂತಿತು, ಇನ್ನು ಪಳಗಿತು ಎಂದುಕೊಂಡೆ. ಊರ ಹೊರಗಿನ ಮೊದಲ ಹಂಪಿಗೆ ಬ್ರೇಕು ಒತ್ತಿದೆ. ಸ್ಟೀರಿಂಗು ಎಡಕ್ಕೆ ಜಗ್ಗಿತು. ರಸ್ತೆಯ ಇಳಕಲು ಇರಬೇಕೆಂದು ಎರಡನೆಯ ಹಂಪಿಗೆ ಇನ್ನಷ್ಟು ಮೆಲ್ಲಗೆ ಒತ್ತಿದೆ. ಮತ್ತೆ ಎಡಕ್ಕೆ. ಪೆಡಲು ಗಟ್ಟಿಯಾಗಿಯೇ ಇತ್ತು, ಗುಳ್ಳೆ ಇಲ್ಲ. ಆದರೆ ಬಲಗಡೆಯ ಗಾಲಿ ಹಿಡಿಯದೆ ಎಡಗಡೆಯದು ಒಂದೇ ಹಿಡಿಯುತ್ತಿದ್ದಂತೆ, ಒಂದು ಎತ್ತು ನಿಂತು ಇನ್ನೊಂದು ನಡೆದರೆ ಬಂಡಿ ಹೇಗೆ ತಿರುಗುವುದೋ ಹಾಗೆ.

ಹಿಂದಿದ್ದವರಿಗೆ ಇದು ತಿಳಿದಿರಲಿಲ್ಲ. ಇಷ್ಟು ಎಡಕ್ಕೆ ಬಂದರೆ ಇಷ್ಟು ಬಲಕ್ಕೆ ತಿರುವಿ ಹಿಡಿದರಾಯಿತು, ಸುರಪುರ ಮುಟ್ಟಬಹುದು, ಇಳಿಜಾರಿನಲ್ಲಿ ನಿಧಾನ ಇದ್ದರೆ ನಿಂತೂ ನಿಲ್ಲಬಹುದು. ಇದೆಲ್ಲ ನನ್ನ ತಲೆಯಲ್ಲಿ ನಡೆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಕುರಿಯ ಉಣ್ಣೆ ಬಂಪರಿಗೆ ಒರೆಸಿದ್ದು ನೆನಪಾಯಿತು. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿ, ಬ್ರೇಕು ಮುಟ್ಟದೆ ಜಾಲಿಯ ಪಕ್ಕ ನಿಲ್ಲಿಸಿದೆ.

"ಭಾವಾರ, ಬ್ರೇಕ್ ಸರಿ ಇಲ್ಲ. ಮುಂದ ಹೋಗೋದು ಬ್ಯಾಡ್ರಿ."

"ನಾ ಇನ್ನೂ ನಿಂದರಸು ಅಂದೇ ಇಲ್ಲ."

"ಅನ್ನಬ್ಯಾಡ್ರಿ. ಗಾಡಿ ಎಡಕ ಜಗ್ಗಾಕತ್ತದ."

ಅವರು ಇಳಿದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಕಿಟಕಿಯ ಬಳಿ ಬಂದು, ಹೊಲದ ಕಡೆ ನೋಡುತ್ತ ಕೈ ಚಾಚಿದರು. ಕೀಲಿ ಕೊಟ್ಟೆ. ಎರಡು ಮೈಲಿ ದೂರದಲ್ಲಿ ಮನೆ ಇತ್ತು. ಅದನ್ನು ನಡೆದೆವು, ಅವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ರೊಟ್ಟಿ ಬುಟ್ಟಿಗಳಿಗೆ ಅಕ್ಕ ಟಂಟಂ ಆಟೋ ಕಳಿಸಿದಳು.

ಮಿಸ್ತ್ರಿ ಮಧ್ಯಾಹ್ನ ಬೈಕಿನಲ್ಲಿ ಬಂದ. ಗಾಡಿ ನಿಂತಲ್ಲಿಗೇ ಎಲ್ಲರೂ ಹೋದೆವು. ಅಕ್ಕನೂ ಬಂದಳು. ಮಿಸ್ತ್ರಿ ಬಲಗಡೆ ಚಕ್ರ ಬಿಚ್ಚಿ ಡಿಸ್ಕಿಗೆ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದ. ಮತ್ತೊಮ್ಮೆ ಮೂಸಿದ. ನನ್ನ ಕಡೆ ನೋಡಿದ.

"ಅಕ್ಕಾರ, ಔಡಲ ಎಣ್ಣಿ ವಾಸನಿ ಬರಾಕತ್ತದ."

"ಬ್ರೇಕ್ ಎಣ್ಣಿ ಸೋರ್ಯಾದೇನು?"

"ಬ್ರೇಕ್ ಎಣ್ಣಿ ಹಿಂಗ ಇರಂಗಿಲ್ರಿ. ಇದು ಬಾಣಂತಿಗಿ ಹಚ್ಚೋ ಎಣ್ಣಿ. ಯಾರೋ ಕೈಯಾರೆ ಹಚ್ಚ್ಯಾರ. ನೋಡ್ರಿ, ಪ್ಯಾಡ್ ಕುಡದು ಕುಂತದ. ಇದಿನ್ನ ಬರಂಗಿಲ್ಲ, ಒಗೀಬೇಕು." ನಂತರ ತನ್ನಷ್ಟಕ್ಕೆ, "ಇಂಥಾ ಶಾಣ್ಯಾ ಯಾರಪ್ಪ" ಎಂದ.

ಭಾವ ಜಾಲಿಯ ಮರ ನೋಡುತ್ತಿದ್ದರು. ಎಲೆ ಚೀಲ ತೆಗೆದು, ಬಿಚ್ಚಿ, ಮತ್ತೆ ಕಟ್ಟಿದರು.

"ನಾನಽ ಹಚ್ಚೀನಿ" ಎಂದರು.

ಮಿಸ್ತ್ರಿಯ ಕೈಯಲ್ಲಿದ್ದ ಪಾನಾ ಹಾಗೇ ನಿಂತಿತು. ಭಾವ ಅವನಿಗೆ ಹೇಳಿದರೋ, ಮರಕ್ಕೆ ಹೇಳಿದರೋ: "ಗಾಡಿ ಅಳಾಕತ್ತಿತ್ತು. ನೀನ ಹೇಳ್ದಿ ಫೋನಿನ್ಯಾಗ, ಎಣ್ಣಿ ಕಡಿಮಿ ಬೀಳಬಾರದು ಅಂತ. ಐವತ್ತು ವರ್ಷ ಬಂಡಿ ಹೊಡದೀನಿ, ಒಂದು ದಿನ ನನ್ನ ಬಂಡಿ ಓಣ್ಯಾಗ ಅತ್ತಿಲ್ಲ. ಅಳೋ ಗಾಡಿ ಮನ್ಯಾಗಿದ್ರ ಮಂದಿ ಏನಂತಾರ, ಎಣ್ಣಿಗೂ ಗತಿ ಇಲ್ಲ ಅಂತಾರ. ಕೋಳಿ ಗರಿಲೆ ಗಾಲಿ ತೂತಿನಾಗಿಂದ ಹಚ್ಚಿದೆ. ಎಡಗಡಿ ಗ್ವಾಡಿ ಇತ್ತು, ಕೈ ಹೋಗಲಿಲ್ಲ."

ಅದು ಹರಳೆಣ್ಣೆಯೇ, ಎತ್ತಿನ ಬಂಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ. ಬಿದಿರಿನ ಗೊಟ್ಟದಲ್ಲಿ ಇಂದಿಗೂ ಬಂಡಿಗೆ ತೂಗು ಹಾಕಿರುತ್ತಾರೆ. ಕಿರುಗುಟ್ಟುವುದಕ್ಕೆಲ್ಲ ಅದೇ ಔಷಧ, ತೊಟ್ಟಿಲಿಗೂ ಬಾಗಿಲಿಗೂ. ಬ್ರೇಕಿಗೊಂದು ಎಣ್ಣೆ ಉಂಟು ಎಂದು ಮಿಸ್ತ್ರಿಯೇ ಸಾರಿದ ಮೇಲೆ ಸಂಶಯವೆಲ್ಲಿ? ಎಲ್ಲ ಕಡೆ ಎಣ್ಣೆ ಜಾರಿಸಲಿಕ್ಕೆ ಇರುವಾಗ ಇಲ್ಲೊಂದು ಎಣ್ಣೆ ನಿಲ್ಲಿಸಲಿಕ್ಕೆ ಇದೆ ಎನ್ನುವುದನ್ನು ನಾನೂ ಎರಡು ವಾರದ ಹಿಂದೆ ನಂಬುತ್ತಿರಲಿಲ್ಲ.

ಮೊದಲು ನಕ್ಕವಳು ಅಕ್ಕ. ಬಾಯಿಗೆ ಸೆರಗು ಒತ್ತಿಕೊಂಡು, "ಕೀಲಿ ತಗೊಂಡಿದ್ದು ಸಾಲಲಿಲ್ಲ, ಕೀಲೆಣ್ಣಿ ಬ್ಯಾರೆ ಹಚ್ಚ್ಯಾರ" ಎಂದಳು. ಮಿಸ್ತ್ರಿ ಚಕ್ರದ ಹಿಂದೆ ತಲೆ ಮರೆಮಾಡಿದ, ಅವನ ಬೆನ್ನು ಕುಲುಕುತ್ತಿತ್ತು. ಭಾವ ನಗಲಿಲ್ಲ. ಬಿಚ್ಚಿದ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, "ಎಣ್ಣಿ ಎಲ್ಲಿರತದ ಮತ್ತ? ತೋರಸು" ಎಂದರು.

ಮಿಸ್ತ್ರಿ ತೋರಿಸಿದ. ಪೈಪು, ಡಬ್ಬಿ, ಪ್ಯಾಡು. ಭಾವ ಒಂದೊಂದಕ್ಕೂ ಬೆರಳಿಟ್ಟು ಕೇಳಿದರು. ಕಾಲು ಇಲ್ಲಿ ಒತ್ತಿದರೆ ಅಲ್ಲಿ ಹೆಂಗ ತಿಳೀತದ? ನಾಲ್ಕು ಗಾಲಿಗೂ ಒಂದೇ ಸಲ ತಿಳೀತದೇನು? ಗುಳ್ಳಿ ಕಣ್ಣಿಗಿ ಕಾಣತದೇನು? ನಾಲ್ಕಾರು ದಿನದ ಹಿಂದೆ ಡಬ್ಬದ ಮೇಲೆ ಕೂತು ನಾನು ಕೇಳಿದಂಥವೇ ಪ್ರಶ್ನೆಗಳು. ಕೆಲವಕ್ಕೆ ಮಿಸ್ತ್ರಿ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಹೇಳಿಬಿಟ್ಟೆ. ಸೆರಗು ಹೆಗಲಿಗೆ ಜಾರಿದ್ದು ಆಮೇಲೆ ಗೊತ್ತಾಯಿತು.

ಹೊಸ ಪ್ಯಾಡು ಎರಡು ದಿನದಲ್ಲಿ ಬಂದವು. ಡಿಸ್ಕನ್ನು ಮಿಸ್ತ್ರಿ ತೊಳೆದು ಒರೆಸಿ ಕೊಟ್ಟ. ಮತ್ತೆ ಹತ್ತು ಸಲ ಕುಂದರಿಸಬೇಕಿತ್ತು. ಬೆಳಿಗ್ಗೆ ನಾನು ಗಾಡಿಯ ಬಳಿ ಹೋದಾಗ ಭಾವ ಅಲ್ಲೇ ನಿಂತಿದ್ದರು. ಅವರಿಗೆಂದು ಹಿಂದಿನ ಬಾಗಿಲು ತೆರೆಯಲು ಹೋದೆ.

"ಹಿಂದ ಕುಂತ್ರ ಏನೂ ತಿಳಿಯಂಗಿಲ್ಲ" ಎಂದರು. ಮುಂದಿನ ಬಾಗಿಲು ತೆರೆದು, ರುಮಾಲು ಸರಿಮಾಡಿಕೊಂಡು ಕೂತರು. ಓಣಿಯ ಹೆಂಗಸರು ನೋಡುತ್ತಿದ್ದರು. ನೋಡಲಿ ಎನ್ನುವಂತೆ ಎದುರಿಗೆ ನೋಡಿದರು.

ಯಾದಗಿರಿ ರಸ್ತೆಯಲ್ಲಿ ಎಣಿಸಿದವರು ಅವರೇ. "ಮೂರು. ಜರಾ ತಡಿ, ಎತ್ತಿಗಿ ಉಸರು ಬಿಡಾಕ ಕೊಡಬೇಕು. ಹಾಂ, ನಾಕು." ನಾನು ಒತ್ತಿದಾಗೆಲ್ಲ ಅವರ ಬಲಗಾಲೂ ನೆಲ ಒತ್ತುತ್ತಿತ್ತು. ಎಂಟನೆಯ ಸಲ ಅವರೇ, "ಈಗ ಹಿಡೀತು, ಅಲ್ಲಾ?" ಎಂದರು. ನನಗೆ ಗೊತ್ತಾದದ್ದೂ ಆಗಲೇ.

ಮರುದಿನ ತುಂಬಿದ ಗಾಡಿ, ಸುರಪುರ, ಮಧ್ಯಾಹ್ನ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಇಳಿಯುತ್ತಿದ್ದೆ. ಅವರು ಎಲ್ಲಿ ಹೇಳುತ್ತಾರೋ ಎಂದು ನನ್ನ ಕಿವಿಯೆಲ್ಲ ಆ ಕಡೆಗೇ. ಅರ್ಧ ಇಳಿದೆವು, ಹೇಳಲಿಲ್ಲ. ಮುಕ್ಕಾಲು ಇಳಿದೆವು. ತಿರುವಿನಲ್ಲಿ ಒಂದು ಆಟೋ ಒಮ್ಮೆಲೆ ಅಡ್ಡ ನಿಂತಿತು. ಒತ್ತಿದೆ. ಪೆಡಲು ಎರಡು ಬೆರಳಿಗೆ ಹಿಡಿಯಿತು, ಗಾಡಿ ನೇರ ನಿಂತಿತು, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಹಿಂದೆ ಒಂದೆರಡು ರೊಟ್ಟಿ ಮುರಿದ ಸಪ್ಪಳ.

ಅವರು ಇಳಿದು ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದರು, ಮುಟ್ಟದೆ. "ಹಂಚು ಕಾದಂಗ ಕಾದದ" ಎಂದು ನೀರಿನ ಬಾಟಲಿಗೆ ಕೈ ಹಾಕಿದರು.

"ಭಾವಾರ, ನೀರು ಹಾಕಬ್ಯಾಡ್ರಿ. ಡಿಸ್ಕ್ ಸೀಳತದ."

ಕೈ ಅಲ್ಲೇ ನಿಂತಿತು. ಬಾಟಲಿ ಎತ್ತಿ ತಾವೇ ಕುಡಿದರು. ಗಾಡಿ ಏರಿ ಕೂತು ಬಾಗಿಲು ಹಾಕಿಕೊಂಡು, "ಇಷ್ಟೆಲ್ಲಾ ಕಾವು ಎಲ್ಲಿಗಿ ಹೋಗತದ?" ಎಂದು ಕೇಳಿದರು.

"ಗಾಳಿಗಿ ಹೋಗತದ್ರಿ. ಅದಕ್ಕಽ ಗಾಡಿ ನಡೀತಿರಬೇಕು."

"ಮತ್ತ ನಡಿ. ಇಲ್ಯಾಕ ನಿಂದರಸೀದಿ?"

ಉಳಿದ ಖಾನಾವಳಿಗಳನ್ನು ಮುಗಿಸಿ ಊರಿಗೆ ಬಂದಾಗ ಬಿಸಿಲು ಇಳಿದಿತ್ತು. ಅಂಗಳದಲ್ಲಿ ಗಾಡಿ ನಿಲ್ಲಿಸುವಾಗ ಅದು ಉದ್ದಕ್ಕೆ ಅತ್ತಿತು. ಅವರು ಮುಖ ಗಂಟಿಕ್ಕದೆ ಇಳಿದು ಹಿಂದಿನ ಬಾಗಿಲು ತೆರೆದರು. ನಾನು ಇಳಿದು, ಸೆರಗು ಸರಿಮಾಡಿಕೊಂಡು, ದಿನದ ರೂಢಿಯಂತೆ ಕೀಲಿ ಅವರ ಮುಂದೆ ಹಿಡಿದೆ. ಅವರು ಖಾಲಿ ಬುಟ್ಟಿ ಎರಡು ಹೆಗಲಿಗೇರಿಸಿಕೊಳ್ಳುತ್ತಿದ್ದರು. ಕೀಲಿ ನೋಡಿದರು, ಆಮೇಲೆ, ಅಪರೂಪಕ್ಕೆ, ನನ್ನ ಮುಖ ನೋಡಿದರು.

"ನನಗ್ಯಾಕ ಅದು? ನನಗೇನು ಹೊಡಿಯಾಕ ಬರತದೇನು?" ಎಂದು ಒಳಗೆ ಹೋದರು.